ಕೀಲು ಬದಲಿಸುವ ಮುನ್ನ
ಸವೆದ ಮೊಣಕಾಲಿಗೆ ಲೋಹದ ಕೀಲು ಜೋಡಿಸಲು ದಿನ ಗೊತ್ತಾದೊಡನೆ ನಮ್ಮವರು ಪಂಚಾಂಗ ನೋಡುತ್ತಾರೆ. ಮೊದಲು ನೋಡಿಕೊಳ್ಳಬೇಕಾದುದು ಬಾಯಿಯನ್ನು. ಹುಳುಕು ಹಲ್ಲಿನ ಕೀವು, ಕಾಲಿನ ಹುಣ್ಣು, ಉರಿಮೂತ್ರ ಇವುಗಳ ರೋಗಾಣುಗಳು ರಕ್ತದೊಡನೆ ಹರಿದು ಹೊಸ ಕೀಲಿನಲ್ಲಿ ನೆಲೆಸಬಲ್ಲವು. ಲೋಹದೊಳಗೆ ರಕ್ತಸಂಚಾರವಿಲ್ಲ, ಅಲ್ಲಿ ಅಂಟಿಕೊಂಡವನ್ನು ಔಷಧಿಯಿಂದ ತೊಲಗಿಸುವುದು ಬಹು ಕಷ್ಟ. ಕೆಲವೊಮ್ಮೆ ಕೀಲನ್ನೇ ತೆಗೆಯಬೇಕಾಗುತ್ತದೆ. ಆದ್ದರಿಂದ ಇವೆಲ್ಲ ಮೊದಲೇ ವಾಸಿಯಾಗಿರತಕ್ಕದ್ದು; ಸಕ್ಕರೆ ಕಾಯಿಲೆಯೂ ಹತೋಟಿಯಲ್ಲಿರಬೇಕು.

ಬೀಡಿ ಸಿಗರೇಟುಗಳನ್ನು ಕನಿಷ್ಠ 4 ವಾರ ಮುಂಚೆ ಬಿಡಬೇಕು. ಗಾಯ ಮಾಯುವುದಕ್ಕೆ ಅವು ಅಡ್ಡಿ. ಹಿರಿಯರು ವೈದ್ಯರಲ್ಲಿ ಮರೆಮಾಚುವುದು ಇದನ್ನೇ. ಪಕ್ಕದಲ್ಲಿ ಮಕ್ಕಳು ನಿಂತಿರುತ್ತಾರಲ್ಲ! ರಕ್ತ ಹೆಪ್ಪುಗಟ್ಟದಂತೆ ನುಂಗುವ ಮಾತ್ರೆ, ನಾಟಿ ಔಷಧಿ ಎಲ್ಲವನ್ನೂ ತಿಳಿಸಬೇಕು, ಆದರೆ ತಾವಾಗಿಯೇ ಮಾತ್ರೆ ನಿಲ್ಲಿಸಬಾರದು. ತೊಡೆಯ ಸ್ನಾಯುವಿಗೆ ವ್ಯಾಯಾಮವನ್ನು ಮುಂಚಿನಿಂದಲೇ ರೂಢಿಸಿಕೊಂಡವರು ಬೇಗ ಏಳುತ್ತಾರೆ. ಕುಕ್ಕರಗಾಲಿನಲ್ಲಿ ಕೂರುವ ಕಕ್ಕಸಿದ್ದ ಮನೆಗೆ ಕಮೋಡು ಬರುವುದೂ ರೋಗಿ ಮರಳುವುದಕ್ಕೆ ಮೊದಲೇ.