ಸಿಹಿಯ ಮೇಲೆ ಉದುರಿಸುವ ಚಿಕ್ಕಿಯ ಪುಡಿ

ಬಾಳೆಹಣ್ಣಿನ ರಸಾಯನದ ಮೇಲೆ, ಶ್ರೀಖಂಡದ ಮೇಲೆ, ಐಸ್‌ಕ್ರೀಮಿನ ಮೇಲೂ ಶೇಂಗಾ ಚಿಕ್ಕಿಯನ್ನು ಪುಡಿಮಾಡಿ ಉದುರಿಸುವುದುಂಟು. (ಶೇಂಗಾ ಎಂದರೆ ಮೈಸೂರು ಕಡೆಯವರ ಕಡಲೆಕಾಯಿ ಬೀಜ, ಹೆಸರಿನ ಜಗಳ ಇಲ್ಲಿ ಬೇಡ.) ಮುಂಬಯಿ-ಪುಣೆ ರೈಲಿನಲ್ಲಿ ಓಡಾಡುವ ವಾಚಕರಿಗೆ ಲೋನಾವಳಾ ಚಿಕ್ಕಿಯನ್ನು ನಾವು ಪರಿಚಯ ಮಾಡಿಕೊಡಬೇಕಾಗಿಲ್ಲ. ಬಾಯಿಗೆ ಹಿತವಾದ ಈ ಪುಡಿಯಿಂದ ದೇಹಕ್ಕೆ ದೊರೆಯುವುದೆಷ್ಟು?

ನೂರು ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಸಸಾರಜನಕ, 49 ಗ್ರಾಂ ಜಿಡ್ಡು, 567 ಕ್ಯಾಲೊರಿ ಶಾಖ ಉಂಟು. ಬೆಲ್ಲವು ಬಹುಪಾಲು ಸಕ್ಕರೆಯೇ. ಅದರ ಶಾಖ 380 ಕ್ಯಾಲೊರಿಯಷ್ಟು. ಎರಡನ್ನೂ ಸಮತೂಕ ಹಾಕಿ ಮಾಡಿದ ಚಿಕ್ಕಿಯ 10 ಗ್ರಾಂ ಪುಡಿಯಲ್ಲಿ, ಎಂದರೆ ಒಂದು ದೊಡ್ಡ ಚಮಚೆಯಷ್ಟರಲ್ಲಿ, 47 ಕ್ಯಾಲೊರಿಯೂ ಒಂದೂಕಾಲು ಗ್ರಾಂ ಸಸಾರಜನಕವೂ ಸಿಗುತ್ತವೆ. ಅಷ್ಟೇ ತೂಕದ ಬಿಸ್ಕತ್ತಿನ ಪುಡಿಯಲ್ಲಿ ಶಾಖ ಹೆಚ್ಚುಕಡಿಮೆ ಅಷ್ಟೇ, ಸಸಾರಜನಕ ಮಾತ್ರ ಅರ್ಧ. ವಯಸ್ಕ ಗಂಡಸಿಗೆ ದಿನಕ್ಕೆ 50 ಗ್ರಾಂ ಮೇಲ್ಪಟ್ಟು ಸಸಾರಜನಕ ಬೇಕು. ಚಮಚೆ ಚಿಕ್ಕಿ ಉದುರಿಸಿಕೊಂಡು ರಾತ್ರಿಯ ಊಟ ಬಿಡುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು. ಬೆಲ್ಲದಲ್ಲಿ ಕಬ್ಬಿಣವಿದೆ ಎನ್ನುವರು; ಇದೆ, ಆದರೆ ಈ ಚಮಚೆಯಲ್ಲಿರುವ ಬೆಲ್ಲ ಐದೇ ಗ್ರಾಂ.

ಖಾನಾವಳಿಯಲ್ಲಿ ಉಂಡು ಖೋಲಿಯಲ್ಲಿ ಮಲಗುವ ಮಿತ್ರರಿಗೆ ಒಂದು ಸುಲಭೋಪಾಯ. ಹುರಿದ ಶೇಂಗಾದೊಡನೆ ಪುಟಾಣಿಯನ್ನೂ (ಹುರಿಗಡಲೆ) ಕುಟ್ಟಿ ಬೆರೆಸಿರಿ. ಒಲೆ ಬೇಕಿಲ್ಲ. ಪುಟಾಣಿಯಲ್ಲಿ ಜಿಡ್ಡು ಕಡಿಮೆ. ಶೇಂಗಾದ ಸಸಾರಜನಕದಲ್ಲಿ ಕೊರತೆಯಾಗಿರುವ ಲೈಸಿನ್ ಎಂಬ ಅಂಶವನ್ನು ಅದು ತುಂಬಿಕೊಡುತ್ತದೆ. ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ಸಂಶೋಧನಾಲಯದವರು ಪೌಷ್ಟಿಕತೆಗೆಂದು ಸಿದ್ಧಪಡಿಸಿದ ವಿವಿಧೋದ್ದೇಶ ಆಹಾರದಲ್ಲಿಯೂ ಮುಕ್ಕಾಲು ಪಾಲು ಎಣ್ಣೆ ತೆಗೆದ ಶೇಂಗಾ ಹಿಟ್ಟು, ಕಾಲು ಪಾಲು ಕಡಲೆ ಹಿಟ್ಟು ಇತ್ತು.

ಇನ್ನು ಅಂಗಡಿಯ ಡಬ್ಬದ ತಳದಲ್ಲಿ ಉಳಿದ ಪುಡಿಯ ಮಾತು. ಅದು ಅಗ್ಗ, ನಿಜ. ಆದರೆ 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ಶೇಂಗಾ ಹಿಂಡಿ ತಿಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಆ ಬೂಷ್ಟಿನ ವಿಷಕ್ಕೆ ಅಫ್ಲಟಾಕ್ಸಿನ್ ಎಂದು ಹೆಸರು. ಬಹುಕಾಲ ದೇಹಕ್ಕೆ ಸೇರುತ್ತಿದ್ದರೆ ಅದು ಮನುಷ್ಯರ ಯಕೃತ್ತಿನಲ್ಲಿ ಏಡಿಹುಣ್ಣಿಗೂ ಕಾರಣವಾಗಬಲ್ಲದು. ಹುರಿದರೆ ಪೂರ್ತಿ ಹೋಗುವಂಥದಲ್ಲ. ಇಡೀ ಚಿಕ್ಕಿಯಲ್ಲಾದರೆ ಕಪ್ಪಾದ, ಮುರುಟಿದ ಬೀಜ ಕಣ್ಣಿಗೆ ಬೀಳುತ್ತದೆ. ಪುಡಿಯಲ್ಲಿ ಎಲ್ಲವೂ ಒಂದೇ ಬಣ್ಣ. ಆದುದರಿಂದ ಇಡೀ ಚಿಕ್ಕಿಯನ್ನೇ ಕೊಂಡು, ಬೇಕಾದಷ್ಟನ್ನು ಆಗಾಗ ಕುಟ್ಟಿಕೊಳ್ಳಿರಿ. ಮಳೆಗಾಲದಲ್ಲಿ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿರಿ. ಬೀಜ ಕಹಿಯೆನಿಸಿದರೆ ಕೂಡಲೇ ಉಗುಳಿರಿ.