ಬರೆಯದೆ ಬಿಟ್ಟದ್ದನ್ನು ಓದಿದವರು

ಮಾರ್ವೆಲ್ ಸಂಸ್ಥೆಯ ಎಕ್ಸ್-ಮೆನ್ ಕಾಮಿಕ್ಸಿನಲ್ಲಿ 1979ರಲ್ಲಿ ಕೆನಡಾದ ಸೂಪರ್‌ಹೀರೋಗಳ ತಂಡವೊಂದು ಕಾಣಿಸಿಕೊಂಡಿತು. ಹೆಸರು ಆಲ್ಫಾ ಫ್ಲೈಟ್. ಅದರಲ್ಲೊಬ್ಬ ನಾರ್ತ್‌ಸ್ಟಾರ್: ಕ್ವಿಬೆಕ್ ಪ್ರಾಂತ್ಯದವನು, ಸ್ಕೀಯಿಂಗ್ ಚಾಂಪಿಯನ್, ಗಾಳಿಯನ್ನು ಸೀಳಿ ಹಾರಬಲ್ಲವನು, ಮಹಾ ಮುಂಗೋಪಿ. 1983ರಲ್ಲಿ ತಂಡಕ್ಕೆ ತನ್ನದೇ ಕಾಮಿಕ್ಸ್ ಬಂತು. ಅದನ್ನು ಬರೆದು ಚಿತ್ರಿಸಿದ ಜಾನ್ ಬರ್ನ್ ನಾರ್ತ್‌ಸ್ಟಾರ್ ಸಲಿಂಗಪ್ರೇಮಿಯೆಂದು ಮನಸ್ಸಿನಲ್ಲೇ ನಿಶ್ಚಯಿಸಿಕೊಂಡಿದ್ದರು. ಆದರೆ ಬಾಯಿಬಿಟ್ಟು ಹೇಳುವಂತಿರಲಿಲ್ಲ.

ಆ ಕಟ್ಟು 1954ರದು. ಬ್ಯಾಟ್‌ಮನ್–ರಾಬಿನ್ ಜೋಡಿಯ ಕತೆಗಳು ಹುಡುಗರಲ್ಲಿ ಸಲಿಂಗಪ್ರೇಮದ ಕಲ್ಪನೆ ಹುಟ್ಟಿಸುತ್ತವೆಂದು ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಆ ವರ್ಷ ಪುಸ್ತಕ ಬರೆದು ಗುಲ್ಲೆಬ್ಬಿಸಿದರು. ಹೆದರಿದ ಪ್ರಕಾಶಕರು ತಮಗೆ ತಾವೇ ಕಾಮಿಕ್ಸ್ ಕೋಡ್ ಹಾಕಿಕೊಂಡರು. ಲೈಂಗಿಕ ವಿಕೃತಿಯ ಸುಳಿವೂ ಕೂಡದು ಎಂದಿತು ಅದು. ಅವರ ಲೆಕ್ಕದಲ್ಲಿ ಸಲಿಂಗಪ್ರೇಮವೂ ವಿಕೃತಿಯೇ.

ಹಾಗಾಗಿ ಬರ್ನ್ ಸೂಚನೆಗಳಲ್ಲೇ ಕತೆ ಕಟ್ಟಿದರು. ಹೆಂಗಸರ ಕಡೆ ನಾರ್ತ್‌ಸ್ಟಾರ್‌ಗೆ ಗಮನವಿಲ್ಲ. ರೇಮಂಡ್ ಬೆಲ್ಮಾಂಡ್ ಎಂಬ ಹಿರಿಯ ಗೆಳೆಯ ಕೊಲೆಯಾದಾಗ ಅವನು ಪಡುವ ಸಂಕಟ ಬರೀ ಗೆಳೆತನದ್ದೆಂದು ನಂಬುವುದು ಕಷ್ಟ. ಮನೆಯಲ್ಲಿ, ಶಾಲೆಯಲ್ಲಿ ಮಾತನ್ನು ಅಳೆದು ತೂಗಿ ಆಡುತ್ತಿದ್ದ ಹುಡುಗರಿಗೆ ಇಂಥ ಮೌನ ತಮ್ಮದೇ ಎನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ನಾರ್ತ್‌ಸ್ಟಾರ್ ಯಾರೆಂಬುದನ್ನು ಕಂಡುಹಿಡಿದವರು ಓದುಗರು ಎಂದೇ ನಾನು ಹೇಳುತ್ತೇನೆ. ಪ್ರಕಾಶಕರು ಒಪ್ಪಿಕೊಂಡದ್ದು ಆಮೇಲೆ.

ಬರ್ನ್ ಬಿಟ್ಟುಹೋದ ಮೇಲೆ ಕತೆ ಬರೆದ ಬಿಲ್ ಮಾಂಟ್ಲೊ ನಾರ್ತ್‌ಸ್ಟಾರ್‌ಗೊಂದು ಕಾಯಿಲೆ ತಂದರು. ಅದು ಏಡ್ಸ್ ಆಗಬೇಕಿತ್ತಂತೆ. ಅಚ್ಚಾದದ್ದು ಬೇರೆ: ಅವನು ಅರೆ ಮನುಷ್ಯ, ಅರೆ ಯಕ್ಷ, ಅದಕ್ಕೇ ನಿತ್ರಾಣ! ಆ ತಿರುವು ಓದಿದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಅಭಿಮಾನಿಗಳು ಸುಮ್ಮನಿರಲಿಲ್ಲ. 1988ರಲ್ಲಿ ಆಂಡಿ ಮ್ಯಾಂಗಲ್ಸ್ 'ಅಮೇಜಿಂಗ್ ಹೀರೋಸ್' ಪತ್ರಿಕೆಯಲ್ಲಿ ಕಾಮಿಕ್ಸಿನ ಸಲಿಂಗಪ್ರೇಮಿ ಪಾತ್ರಗಳ ಬಗ್ಗೆ ಎರಡು ಕಂತಿನ ಲೇಖನ ಬರೆದರು. ಅದೇ ವರ್ಷ ಸ್ಯಾನ್ ಡಿಯಾಗೊ ಕಾಮಿಕ್-ಕಾನ್‌ನಲ್ಲಿ ಇದೇ ವಿಷಯದ ಮೊದಲ ಗೋಷ್ಠಿ ನಡೆಸಿದರು. ಮರುವರ್ಷ ಕೋಡ್ ಸಡಿಲವಾಯಿತು.

ಆಲ್ಫಾ ಫ್ಲೈಟ್‌ನ 1992ರ 106ನೇ ಸಂಚಿಕೆ ಸ್ಕಾಟ್ ಲಾಬ್ಡೆಲ್ ಬರೆದದ್ದು. ಕಸದಲ್ಲಿ ಬಿಸಾಡಿದ ಹಸುಗೂಸು ನಾರ್ತ್‌ಸ್ಟಾರ್‌ಗೆ ಸಿಗುತ್ತದೆ, ಅದಕ್ಕೆ ಏಡ್ಸ್. ಇಡೀ ದೇಶ ಮಗುವಿಗಾಗಿ ಮರುಗುತ್ತದೆ. ಮೇಜರ್ ಮೇಪಲ್‌ಲೀಫ್ ಎಂಬ ಹಳೆಯ ವೀರನಿಗೆ ಅದನ್ನು ತಾಳಲಾಗುವುದಿಲ್ಲ: ಅವನ ಸಲಿಂಗಪ್ರೇಮಿ ಮಗನೂ ಏಡ್ಸ್‌ನಿಂದಲೇ ಸತ್ತಿದ್ದ, ಆಗ ಯಾರೂ ಅತ್ತಿರಲಿಲ್ಲ. ಇಬ್ಬರ ಹೊಡೆದಾಟದ ನಡುವೆ ನಾರ್ತ್‌ಸ್ಟಾರ್ ತಾನೂ ಸಲಿಂಗಪ್ರೇಮಿ ಎನ್ನುತ್ತಾನೆ. ಮಾತು ಭಾಷಣದಂತಿದೆ, ಚಿತ್ರ ಒರಟು. ಆದರೂ ಆ ತಂದೆಯ ಸಿಟ್ಟಿನಲ್ಲಿರುವ ನಿಜ ಎದೆಗೆ ನಾಟುತ್ತದೆ.

ಪ್ರತಿಗಳು ಖಾಲಿಯಾದವು, ನ್ಯೂಯಾರ್ಕ್ ಟೈಮ್ಸ್ ಸಂಪಾದಕೀಯ ಬರೆದು ಮೆಚ್ಚಿತು. 1994ರಲ್ಲಿ ನಾರ್ತ್‌ಸ್ಟಾರ್ ಹೆಸರಿನದೇ ಕಿರುಸರಣಿ ಬಂದಾಗ ಮಾತ್ರ ಈ ವಿಷಯದ ಚಕಾರವೇ ಇರಲಿಲ್ಲ. 2011ರಲ್ಲಿ ನ್ಯೂಯಾರ್ಕ್ ರಾಜ್ಯ ಸಲಿಂಗ ವಿವಾಹವನ್ನು ಕಾನೂನುಬದ್ಧಗೊಳಿಸಿತು. ಮರುವರ್ಷ, ಮಾರ್ಜರಿ ಲಿಯು ಬರೆದ ಸಂಚಿಕೆಯಲ್ಲಿ, ನಾರ್ತ್‌ಸ್ಟಾರ್ ಅದೇ ರಾಜ್ಯದಲ್ಲಿ ತನ್ನ ಪ್ರಿಯಕರ ಕೈಲ್ ಜಿನಾಡುವನ್ನು ಮದುವೆಯಾದ.