ಯುದ್ಧ ನುಂಗಿದ ವರ್ಷಗಳು

ಭದ್ರಾವತಿಯ ಗುಂಡಪ್ಪ ವಿಶ್ವನಾಥ್ ಆಡಿದ್ದು 91 ಟೆಸ್ಟ್. ಅವರಿಗಿಂತ ಬಹಳ ಮುಂಚೆ ಮೈಸೂರು ತಂಡದಲ್ಲಿ ರಣಜಿ ಆಡಿದ ಫಿರೋಜ್ ಪಾಲಿಯಾ ಅವರಿಗೆ ದಕ್ಕಿದ್ದು ಎರಡೇ.

ಮುಂಬಯಿಯಲ್ಲಿ 1910ರಲ್ಲಿ ಹುಟ್ಟಿದ ಈ ಎಡಗೈ ಆಟಗಾರ, 1932ರಲ್ಲಿ ಲಾರ್ಡ್ಸ್‌ನಲ್ಲಿ ನಡೆದ ಭಾರತದ ಮೊಟ್ಟಮೊದಲ ಟೆಸ್ಟ್ ಪಂದ್ಯದಲ್ಲಿದ್ದರು. ಫೀಲ್ಡಿಂಗ್ ವೇಳೆ ಕಾಲಿಗೆ ಪೆಟ್ಟಾಯಿತು; ಎರಡನೇ ಸರದಿಯಲ್ಲಿ ಕೊನೆಯವರಾಗಿ ಬ್ಯಾಟ್ ಹಿಡಿದರು. 1936ರಲ್ಲಿ ಅದೇ ಮೈದಾನದಲ್ಲಿ ಇನ್ನೊಂದು ಟೆಸ್ಟ್. ಒಟ್ಟು ಗಳಿಕೆ 29 ರನ್.

ಮುಂದೇನಾಯಿತು? 1939-40ರಲ್ಲಿ ಬರಬೇಕಿದ್ದ ಇಂಗ್ಲೆಂಡಿನ ಎಂಸಿಸಿ ತಂಡದ ಪ್ರವಾಸ ಮಹಾಯುದ್ಧದಿಂದಾಗಿ ರದ್ದಾಯಿತು. ಭಾರತ ಮತ್ತೆ ಟೆಸ್ಟ್ ಆಡಿದ್ದು 1946ರಲ್ಲಿ. ಆಗ ಪಾಲಿಯಾಗೆ 35 ವರ್ಷ. ಪ್ರಥಮ ದರ್ಜೆಯಲ್ಲಿ 200ಕ್ಕೂ ಹೆಚ್ಚು ವಿಕೆಟ್ ಕಿತ್ತಿದ್ದ ಅವರು 1981ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಎರಡೇ ಟೆಸ್ಟ್ ಎಂದು ಅಳೆಯುವ ಮುನ್ನ, ಆಟವೇ ನಿಂತುಹೋದ ಆ ಹತ್ತು ವರ್ಷಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.